ಡ್ರಾಸ್ಟಿಕ್ ಆಕ್ಷನ್ ಅಂದ್ರೆ ಮೊದಲು ಭೇದಿ ಔಷಧಿ ಅಂತ ಗೊತ್ತಾ?

ಬೆಳಿಗ್ಗೆ ಹಾಲು ತರೋಕೆ ಕೆಳಗೆ ಇಳಿದಿದ್ದೆ. ಲಿಫ್ಟ್ ಪಕ್ಕದ ಬೋರ್ಡ್ ಮುಂದೆ ವಾಚ್‌ಮನ್ ಅಣ್ಣ ನಿಂತು, ಹೊಸ ನೋಟಿಸ್ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದರು. "ಅಕ್ಕಾ, ಡ್ರಾಸ್ಟಿಕ್ ಅಂದ್ರೆ ಏನು?" ಅಂದರು. "ತುಂಬಾ ಕಠಿಣ ಕ್ರಮ ಅಂತ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು, "ಅದನ್ನ ನಾನೇ ಮಾಡ್ಬೇಕಾ?"

ನಗು ಬಂತು. ಮೆಟ್ಟಿಲು ಹತ್ತುವಷ್ಟರಲ್ಲಿ ಸಿಟ್ಟೂ ಬಂತು.

ವಿಷಯ ಏನಂದ್ರೆ ಕಸ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಯಾರೋ ಹಸಿ ಕಸದ ಡ್ರಮ್ಮಿಗೆ ಡೈಪರ್ ಹಾಕ್ತಾರೆ. ಯುಗಾದಿಯಿಂದ ಇದು ನಾಲ್ಕನೇ ನೋಟಿಸ್. ಮೊದಲನೆಯದರಲ್ಲಿ "ದಯವಿಟ್ಟು" ಇತ್ತು. ಎರಡನೆಯದರಲ್ಲಿ ಸ್ಟ್ರಿಕ್ಟ್ ಆಕ್ಷನ್, ಮೂರನೆಯದರಲ್ಲಿ ಸಿವಿಯರ್ ಆಕ್ಷನ್. ಈಗ ಡ್ರಾಸ್ಟಿಕ್. ವಿಶೇಷಣ ಮಾತ್ರ ಬಡ್ತಿ ಪಡೀತಾ ಇದೆ. ಡ್ರಮ್ಮಿನ ಮುಚ್ಚಳ ಒಡೆದು ಆರು ತಿಂಗಳಾಯ್ತು, ಅದನ್ನ ಬದಲಿಸೋರು ಇಲ್ಲ.

ನನಗೆ ಡಿಕ್ಷನರಿ ಹುಚ್ಚು ಅಂತ ನಿಮಗೆಲ್ಲ ಗೊತ್ತೇ ಇದೆ. ಆ ಪದದ ಜಾತಕ ತೆಗೆದೆ. 1690ರ ದಶಕದಲ್ಲಿ ಇಂಗ್ಲಿಷಿಗೆ ಬಂದಾಗ ಅದು ವೈದ್ಯರ ಪದ. ಜೋರಾಗಿ ಕೆಲಸ ಮಾಡುವ ಔಷಧಿಗೆ, ಅದರಲ್ಲೂ ಹೊಟ್ಟೆ ಪೂರ್ತಿ ಖಾಲಿ ಮಾಡಿಸುವ ಔಷಧಿಗೆ ಡ್ರಾಸ್ಟಿಕ್ ಅನ್ನುತ್ತಿದ್ದರು. ಹೌದು ಸ್ವಾಮಿ, ಭೇದಿ ಔಷಧಿ. ಇವತ್ತಿನ "ವಿಪರೀತ, ಕಠಿಣ" ಅನ್ನೋ ಅರ್ಥ ಬರಹದಲ್ಲಿ ಕಾಣಿಸೋದು 1808ರಲ್ಲಿ. ಅಂದ್ರೆ ನೂರು ವರ್ಷಕ್ಕೂ ಜಾಸ್ತಿ ಈ ಪದ ಶೌಚಾಲಯದ ಸುತ್ತಮುತ್ತಲೇ ಓಡಾಡಿಕೊಂಡಿತ್ತು.

ನಮ್ಮ ಸಮಿತಿಯವರು ಸಾಮ, ದಾನ ಮುಗಿಸಿ ಈಗ ಭೇದಿಗೆ ಬಂದಿದ್ದಾರೆ ಅಂತಾಯ್ತು.

ಭೇದಿ ಅಂದಕೂಡಲೇ ನನಗೆ ಅಜ್ಜಿ ನೆನಪು. ಬೇಸಿಗೆ ರಜೆಯಲ್ಲಿ ಒಂದು ಭಾನುವಾರ ಹರಳೆಣ್ಣೆ ದಿನ. ಐದು ಜನ ಮೊಮ್ಮಕ್ಕಳು ಸಾಲಾಗಿ ಕೂರಬೇಕು. ಅಜ್ಜಿಯ ಒಂದು ಕೈಯಲ್ಲಿ ಒಳಲೆ, ಇನ್ನೊಂದು ಕೈಯಲ್ಲಿ ನಮ್ಮ ಮೂಗು. ಮೇಲೊಂದು ಗುಟುಕು ಬಿಸಿ ಕಾಫಿ. ಮಧ್ಯಾಹ್ನಕ್ಕೆ ತಿಳಿಸಾರು ಅನ್ನ ಮಾತ್ರ. ಇಡೀ ಮನೆಗೆ ಒಂದೇ ಪಾಯಿಖಾನೆ, ಅದೂ ಹಿತ್ತಲಲ್ಲಿ. ಮುಂದಿನ ಕಥೆ ಬೇಡ ಬಿಡಿ. ಆದರೆ ಹಳೇ ಇಂಗ್ಲಿಷ್ ವೈದ್ಯರ ಲೆಕ್ಕದಲ್ಲಿ ಹರಳೆಣ್ಣೆ ಸೌಮ್ಯ ಔಷಧಿ! ಡ್ರಾಸ್ಟಿಕ್ ಪಟ್ಟಿಯಲ್ಲಿ ಇದ್ದದ್ದು ಜಾಪಾಳದ ಬೀಜದ ಎಣ್ಣೆಯಂಥವು. ಅದರ ಡೋಸ್ ಒಂದು ತೊಟ್ಟು, ಹೆಚ್ಚೆಂದರೆ ಎರಡು. (ಅದು ವಿಷ. ಯಾರೂ ಪ್ರಯೋಗ ಮಾಡೋಕೆ ಹೋಗಬೇಡಿ.)

ಇನ್ನೂ ಹಿಂದಕ್ಕೆ ಹೋದರೆ ಗ್ರೀಕಿನ "ದ್ರಾನ್" ಅನ್ನೋ ಕ್ರಿಯಾಪದ ಸಿಗುತ್ತೆ. ಅರ್ಥ ಇಷ್ಟೇ: ಮಾಡು. ಅದರಿಂದ "ದ್ರಾಸ್ಟಿಕೋಸ್", ಅಂದ್ರೆ ಕೆಲಸ ಮಾಡುವಂಥದ್ದು, ಪರಿಣಾಮ ಇರುವಂಥದ್ದು. ಡ್ರಾಮಾ ಕೂಡ ಇದೇ ಬೇರಿನಿಂದ ಹುಟ್ಟಿದ್ದು. "ಮಾಡು" ಅನ್ನೋಕೆ ಡೋರಿಯನ್ನರು (ಗ್ರೀಕರಲ್ಲೇ ಒಂದು ಪಂಗಡ) ದ್ರಾನ್ ಅಂತಾರೆ, ಅಥೆನ್ಸಿನವರು ಪ್ರಾಟ್ಟೀನ್ ಅಂತಾರೆ, ಅದಕ್ಕೇ ನಾಟಕ ನಮ್ಮದು ಅಂತ ಡೋರಿಯನ್ನರು ಹಕ್ಕು ಸಾಧಿಸ್ತಾರೆ ಅಂತ ಅರಿಸ್ಟಾಟಲ್ ಬರೆದಿದ್ದಾನೆ. ಆ ಪ್ರಾಟ್ಟೀನ್ ಕಡೆಯಿಂದ ಬಂದದ್ದು ಪ್ರಾಕ್ಟಿಕಲ್. ಒಂದು ಊರಿನ "ಮಾಡು"ವಿನಿಂದ ಪ್ರಾಕ್ಟಿಕಲ್, ಇನ್ನೊಂದು ಊರಿನ "ಮಾಡು"ವಿನಿಂದ ಡ್ರಾಮಾ. ನಮ್ಮ ಸಮಿತಿಯ ಪಾಲಿಗೆ ಯಾವುದು ಬಂತು ಅಂತ ಹೇಳಬೇಕಾ?

ಕನ್ನಡ ನೋಟಿಸ್ ಏನು ಕಮ್ಮಿ ಇಲ್ಲ ಬಿಡಿ. "ಸೂಕ್ತ ಕ್ರಮ ಕೈಗೊಳ್ಳಲಾಗುವುದು." ಯಾರ ಕೈ? ಆ ವಾಕ್ಯದಲ್ಲಿ ಕೈ ಇದೆ, ಕೈಯಿರುವ ಮನುಷ್ಯ ಇಲ್ಲ. ವಾಚ್‌ಮನ್ ಅಣ್ಣ ಕೇಳಿದ್ದೂ ಅದನ್ನೇ ಅಲ್ವಾ?

ಗೆಳತಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. "ಪದದ ಅರ್ಥ ಬದಲಾಗ್ತಾ ಇರುತ್ತೆ ಕಣೇ, ಮುನ್ನೂರು ವರ್ಷದ ಹಳೇ ಭೇದಿ ಈಗ ಯಾಕೆ ತೆಗೀತೀಯ?" ಅಂದಳು. ಬದಲಾಗಲಿ, ಬೇಡ ಅಂದವರು ಯಾರು? ಕಠಿಣ ಅನ್ನೋ ಅರ್ಥದಲ್ಲೇ ಇರಲಿ, ಒಂದಾದರೂ ಕಠಿಣ ಕೆಲಸ ತೋರಿಸಲಿ. ಅಷ್ಟು ಬೇಡ, ಸುಲಭದ್ದೇ ಒಂದು ತೋರಿಸಲಿ. ಮುಚ್ಚಳ ತರಲಿ.

ಈಗ ಒಂದು ತಪ್ಪೊಪ್ಪಿಗೆ. ಹೋದ ವರ್ಷ ಆ ಸಮಿತಿಯಲ್ಲಿ ನಾನೂ ಇದ್ದೆ. ಟೆರೇಸಿನಲ್ಲಿ ಅಡ್ಡಾದಿಡ್ಡಿ ಬಟ್ಟೆ ಒಣಗಿಸೋರಿಗೆ ಡ್ರಾಸ್ಟಿಕ್ ಆಕ್ಷನ್ ಅಂತ ನೋಟಿಸ್ ಟೈಪ್ ಮಾಡಿದ್ದು ನಾನೇ. ಟೈಪ್ ಮಾಡಿ ಪ್ರಿಂಟ್ ತೆಗೆದಾಗ ಏನೋ ದೊಡ್ಡ ಕೆಲಸ ಮುಗಿಸಿದ ಹಾಗೆ ಅನ್ನಿಸಿತ್ತು. ಬಟ್ಟೆ ಇವತ್ತಿಗೂ ಹಾಗೇ ಒಣಗ್ತಿದೆ. ನನ್ನ ಎರಡು ನೈಟಿಯೂ ಅದರಲ್ಲಿವೆ.

ಸಂಜೆ ಕಸ ಹಾಕೋಕೆ ಹೋದೆ. ಡ್ರಮ್ಮಿನ ಮೇಲೆ ಒಂದು ಹಳೇ ಪ್ಲೈವುಡ್ ತುಂಡು, ಅದು ಹಾರದಂತೆ ಮೇಲೊಂದು ಕಲ್ಲು. ವಾಚ್‌ಮನ್ ಅಣ್ಣನ ಕೆಲಸ. "ನಾಯಿ ಎಳೆದಾಡ್ತಿತ್ತು ಅಕ್ಕಾ" ಅಂದರು, ಅಷ್ಟೇ.

ವಾಪಸ್ ಬರುವಾಗ ಲಿಫ್ಟ್ ಹತ್ತಿರ ಯಾರೂ ಇರಲಿಲ್ಲ. ಡ್ರಾಸ್ಟಿಕ್ ಅನ್ನೋ ಪದದ ಕೆಳಗೆ ಪೆನ್ಸಿಲಿನಲ್ಲಿ ಸಣ್ಣಗೆ ಬರೆದೆ: "ಒಂದು ತೊಟ್ಟು ಸಾಕು."

ನಮ್ಮ ಅಪಾರ್ಟ್‌ಮೆಂಟಿನವರು ಯಾರಾದರೂ ಇದನ್ನ ಓದ್ತಿದ್ದರೆ, ಅದು ನಾನಲ್ಲ.