ಸಹಿ ಸಾಹೇಬರದು, ಕಾಗದ ಹಾಲಿವುಡ್ಡಿನದು

2025ರ ಆಗಸ್ಟಿನಲ್ಲಿ ಅಮೆರಿಕದ 44 ಅಟಾರ್ನಿ ಜನರಲ್‌ಗಳು, ಅಂದರೆ ಅಲ್ಲಿನ ರಾಜ್ಯಗಳ ಮುಖ್ಯ ಸರ್ಕಾರಿ ವಕೀಲರು, ಸೇರಿ ಎಐ ಕಂಪನಿಗಳಿಗೆ ಒಂದು ಕಾಗದ ಬರೆದರು. ನಿಮ್ಮ ಚಾಟ್‌ಬಾಟ್‌ಗಳು ಮಕ್ಕಳ ಹತ್ತಿರ ಆಡಬಾರದ ಮಾತನ್ನೆಲ್ಲ ಆಡುತ್ತಿವೆ, ಗೊತ್ತಿದ್ದೂ ಮಕ್ಕಳಿಗೆ ಹಾನಿ ಮಾಡಿದರೆ ಸುಮ್ಮನೆ ಬಿಡುವುದಿಲ್ಲ ಅಂತ. ಒಳ್ಳೆಯ ಕಾಗದವೇ. ಮನೆಯಲ್ಲಿ ಮಕ್ಕಳಿರುವ ಯಾರಾದರೂ ಓದಿ ತಲೆಯಾಡಿಸಬೇಕು. ನನಗೆ ಮಾತ್ರ ಮೊದಲು ಬಂದ ಪ್ರಶ್ನೆ ಬೇರೆ. ಇದನ್ನು ಟೈಪ್ ಮಾಡಿದವರು ಯಾರು?

ಈ ಕಾಗದದ ಮೇಲೆ ಅನುಮಾನ ಪಡಲು ನನ್ನ ಹತ್ತಿರ ಚೂರೂ ಕಾರಣ ಇಲ್ಲ. ಸಹಿ ಹಾಕಿದವರಲ್ಲಿ ಎರಡೂ ಪಕ್ಷದವರಿದ್ದಾರೆ. ಹೇಳಿರುವ ವಿಷಯವೂ ಸರಿ. ಆದರೂ ಈ ಚಾಳಿ ಬಿಡುತ್ತಿಲ್ಲ. ನನಗೆ ಇದನ್ನು ಹತ್ತಿಸಿದವರು ಮಿಸಿಸಿಪ್ಪಿ ರಾಜ್ಯದ ಅಂದಿನ ಅಟಾರ್ನಿ ಜನರಲ್ ಜಿಮ್ ಹುಡ್ ಸಾಹೇಬರು. ಅವರಿಗೂ ಅವರ ಹಿಂದೆ ನಿಂತಿದ್ದ ಹಾಲಿವುಡ್ಡಿಗೂ ನನ್ನ ದೀರ್ಘದಂಡ ನಮಸ್ಕಾರ.

ಕಥೆ ನಿಮಗೆ ಗೊತ್ತಿರುವುದೇ. 2014ರ ನವೆಂಬರಿನಲ್ಲಿ ಸೋನಿ ಪಿಕ್ಚರ್ಸ್ ಕಂಪ್ಯೂಟರುಗಳಿಗೆ ಕನ್ನ ಬಿತ್ತು. ಉತ್ತರ ಕೊರಿಯಾದ ಕೈವಾಡ ಅಂತ ಅಮೆರಿಕ ಸರ್ಕಾರ ಹೇಳಿತು. ಯಾವ ನಟಿಯನ್ನು ಯಾವ ನಿರ್ಮಾಪಕ ಏನಂತ ಬೈದ ಅಂತ ಲೋಕವೆಲ್ಲ ಇಮೇಲ್ ಓದುತ್ತಾ ಕೂತಿತ್ತು. ಅದೇ ರಾಶಿಯಲ್ಲಿ ‘ಗೊಲಿಯಾತ್’ ಅನ್ನುವ ಹೆಸರು ಮತ್ತೆ ಮತ್ತೆ ಬಂತು. ಯಾರಪ್ಪಾ ಇದು ಅಂತ ನೋಡಿದರೆ ಗೂಗಲ್. ಹಾಲಿವುಡ್ಡಿನ ನಿರ್ಮಾಪಕರ ಸಂಘ ಎಂಪಿಎಎ ಮತ್ತು ಆರು ದೊಡ್ಡ ಸ್ಟುಡಿಯೋಗಳು ಗೂಗಲ್‌ಗೆ ಇಟ್ಟುಕೊಂಡಿದ್ದ ಗುಪ್ತನಾಮ.

ಈ ಹೆಸರಿಟ್ಟ ಪುಣ್ಯಾತ್ಮನಿಗೆ ಸನ್ಮಾನ ಮಾಡಬೇಕು. ಬೈಬಲ್ಲಿನ ಕಥೆಯಲ್ಲಿ ಗೊಲಿಯಾತ್ ರಾಕ್ಷಸನಂಥ ಆಳು. ಅವನನ್ನು ಕವಣೆ ಕಲ್ಲಿನಿಂದ ಉರುಳಿಸಿದವನು ಕುರಿ ಕಾಯುವ ಹುಡುಗ ದಾವೀದ. ಹಾಗಾದರೆ ಇಲ್ಲಿ ಕುರಿ ಕಾಯುವ ಹುಡುಗ ಯಾರು? ಡಿಸ್ನಿ, ವಾರ್ನರ್, ಯೂನಿವರ್ಸಲ್, ಫಾಕ್ಸ್, ಪ್ಯಾರಾಮೌಂಟ್, ಸೋನಿ. ಪಾಪ, ಹರಕು ಅಂಗಿ, ಬರಿಗಾಲು. ಕವಣೆಯ ಖರ್ಚು ಅಂತ ವರ್ಷಕ್ಕೆ 5 ಲಕ್ಷ ಡಾಲರ್ ಎತ್ತಿಟ್ಟಿದ್ದರು. ಬೇಕಾದರೆ ಇನ್ನೂ ಹಾಕೋಣ ಅನ್ನುವ ಮಾತೂ ಆ ಇಮೇಲುಗಳಲ್ಲಿತ್ತು.

ಇಷ್ಟಕ್ಕೂ ಇವರಿಗೆ ಕವಣೆ ಯಾಕೆ ಬೇಕಾಯಿತು? ಎರಡು ವರ್ಷ ಹಿಂದೆ ವಾಷಿಂಗ್ಟನ್ನಿನಲ್ಲಿ ಮುಖಭಂಗ ಆಗಿತ್ತು. ಪೈರಸಿ ತಡೆಯುವ ಹೆಸರಲ್ಲಿ ‘ಸೋಪಾ’ ಎಂಬ ಮಸೂದೆ ತಂದಿದ್ದರು. 2012ರ ಜನವರಿ 18ರಂದು ವಿಕಿಪೀಡಿಯ ಇಡೀ ದಿನ ಇಂಗ್ಲಿಷ್ ಪುಟಗಳನ್ನು ಕಪ್ಪು ಮಾಡಿ ಕೂತಿತು. ಗೂಗಲ್ ತನ್ನ ಲೋಗೊಗೆ ಕಪ್ಪು ಪಟ್ಟಿ ಬಳಿದುಕೊಂಡಿತು. ಫೋನು ಹೊಡೆದುಕೊಂಡು ಹೊಡೆದುಕೊಂಡು ಸುಸ್ತಾದ ಸಂಸದರು ಎರಡೇ ದಿನದಲ್ಲಿ ಮಸೂದೆಯನ್ನು ಮಂಚದ ಕೆಳಗೆ ತಳ್ಳಿದರು. ಆಗ ಎಂಪಿಎಎ ಮುಖ್ಯಸ್ಥರಾಗಿದ್ದವರು ಕ್ರಿಸ್ ಡಾಡ್. ಸೆನೆಟ್ ಬಿಡುವ ಮುಂಚೆ ‘ಲಾಬಿ ಕೆಲಸಕ್ಕೆ ಹೋಗೋದಿಲ್ಲ’ ಅಂತ ಹೇಳಿದ್ದ ಮಹನೀಯರು. 2011ರಲ್ಲಿ ಆ ಕುರ್ಚಿಯಲ್ಲಿ ಕೂತರು. ಸೋಪಾ ಬಿದ್ದ ಮೇಲೆ ಟೀವಿಯಲ್ಲೇ, ಹಾಲಿವುಡ್ಡಿನಿಂದ ಚಂದಾ ಬಯಸುವವರು ಕಷ್ಟಕಾಲದಲ್ಲಿ ನಮ್ಮ ಜೊತೆ ಯಾರು ನಿಲ್ಲುತ್ತಾರೆ ಅಂತ ನಾವು ನೋಡುತ್ತಿರುತ್ತೇವೆ ಅನ್ನುವ ಅರ್ಥ ಬರುವಂತೆ ಮಾತಾಡಿದರು. ಮುಚ್ಚುಮರೆ ಇಲ್ಲದ ಮನುಷ್ಯ.

ಮುಂಬಾಗಿಲು ಹಾಕಿತ್ತು. ಹಿತ್ತಿಲ ಬಾಗಿಲು ಐವತ್ತಿತ್ತು, ರಾಜ್ಯಕ್ಕೊಬ್ಬ ಅಟಾರ್ನಿ ಜನರಲ್.

2013ರ ನವೆಂಬರಿನಲ್ಲಿ ಹುಡ್ ಸಾಹೇಬರು ಗೂಗಲ್‌ಗೆ ಒಂದು ಖಾರವಾದ ಕಾಗದ ಬರೆದರು. ನಿಮ್ಮ ಹುಡುಕಾಟದಲ್ಲಿ ಮಾದಕ ಮಾತ್ರೆ ಸಿಗುತ್ತೆ, ಕದ್ದ ಸಿನಿಮಾ ಸಿಗುತ್ತೆ, ಏನು ಮಾಡುತ್ತಿದ್ದೀರಿ ಅಂತ. ಬರೆದರು ಅಂತ ನಾವು ಅಂದುಕೊಂಡಿದ್ದೆವು. ಒಂದು ವರ್ಷದ ಮೇಲೆ ನ್ಯೂಯಾರ್ಕ್ ಟೈಮ್ಸಿನ ಎರಿಕ್ ಲಿಪ್ಟನ್ ಆ ಕಚೇರಿಯ ಫೈಲುಗಳನ್ನು ಕೆದಕಿದರು. ಕರಡು ಬರೆದವರು ಜೆನ್ನರ್ ಅಂಡ್ ಬ್ಲಾಕ್ ಅನ್ನುವ ವಕೀಲರ ಸಂಸ್ಥೆ. ಅವರಿಗೆ ದುಡ್ಡು ಕೊಡುತ್ತಿದ್ದವರು ಎಂಪಿಎಎ. ಹುಡ್ ಕಚೇರಿಯ ಪಾಲು ಅಂದರೆ ಅಲ್ಲೊಂದು ಇಲ್ಲೊಂದು ತಿದ್ದುಪಡಿ, ಕೊನೆಗೆ ಸಹಿ.

ನಮ್ಮ ತಾಲ್ಲೂಕು ಕಚೇರಿಗಳ ಮುಂದೆ ಅರ್ಜಿ ಬರೆದುಕೊಡುವವರು ಕೂತಿರುತ್ತಾರಲ್ಲ, ನೋಡಿದ್ದೀರಿ. ಮೊದಲು ಮರದ ಕೆಳಗೆ ಟೈಪ್‌ರೈಟರ್ ಇತ್ತು, ಈಗ ಜೆರಾಕ್ಸ್ ಅಂಗಡಿಯೊಳಗೆ ಕಂಪ್ಯೂಟರ್. ‘ಮಾನ್ಯರೇ’ ಅಂತ ಶುರು ಮಾಡಿ, ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಅಂತ ಎಳೆದು, ಕೊನೆಗೆ ಎಲ್ಲಿ ಸಹಿ ಹಾಕಬೇಕೋ ಅಲ್ಲೊಂದು ಪೆನ್ಸಿಲ್ಲಿನ ಇಂಟು ಗುರುತು. ಅರ್ಜಿದಾರ ಇಂಟು ಇದ್ದ ಕಡೆ ಸಹಿ ಹಾಕಿ, ತಹಶೀಲ್ದಾರರ ಮುಂದೆ ಕೈಕಟ್ಟಿ ನಿಲ್ಲುತ್ತಾನೆ. ಮಿಸಿಸಿಪ್ಪಿಯಲ್ಲಿ ಆಗಿದ್ದು ಇದರ ಉಲ್ಟಾ. ಅರ್ಜಿದಾರನೇ ಆದೇಶವನ್ನೂ ಟೈಪ್ ಮಾಡಿಸಿಕೊಂಡು ಬಂದ. ತಹಶೀಲ್ದಾರರು ಇಂಟು ಗುರುತು ಹುಡುಕಿ ಸಹಿ ಹಾಕಿದರು.

ಇದೊಂದೇ ಆಗಿದ್ದರೆ ಮಿಸಿಸಿಪ್ಪಿಯ ಸೋಮಾರಿತನ ಅನ್ನಬಹುದಿತ್ತು. ಅದೇ 2014ರ ಡಿಸೆಂಬರಿನಲ್ಲಿ ಲಿಪ್ಟನ್ ಇನ್ನೊಂದು ಕಾಗದ ಹೊರತೆಗೆದರು. ಇದಕ್ಕೆ ಟೆಕ್ ಕಂಪನಿ ಸಂಬಂಧ ಇಲ್ಲ, ಆದರೂ ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಓಕ್ಲಹೋಮಾದ ಅಟಾರ್ನಿ ಜನರಲ್ ಸ್ಕಾಟ್ ಪ್ರೂಯಿಟ್ 2011ರಲ್ಲಿ ಕೇಂದ್ರದ ಪರಿಸರ ಸಂಸ್ಥೆ ಇಪಿಎಗೆ ಮೂರು ಪುಟದ ಆಕ್ಷೇಪ ಕಳಿಸಿದ್ದರು. ಬಾವಿಗಳಿಂದ ಹೊರಬರುವ ಅನಿಲದ ಲೆಕ್ಕ ನೀವು ಜಾಸ್ತಿ ಹಾಕಿದ್ದೀರಿ ಅಂತ. ಬರೆದವರು ಡೆವನ್ ಎನರ್ಜಿ ಅನ್ನುವ ತೈಲ ಮತ್ತು ಅನಿಲ ಕಂಪನಿಯ ವಕೀಲರು. 1,016 ಪದಗಳಲ್ಲಿ ಸಾಹೇಬರ ಕಚೇರಿ ಬದಲಾಯಿಸಿದ್ದು 37.

ಆ 37 ಪದಗಳ ಬಗ್ಗೆ ನನಗೆ ಅಪಾರ ಗೌರವ ಇದೆ. ಯಾರೋ ಒಬ್ಬ ಗುಮಾಸ್ತ ಕೂತು ‘ನಮ್ಮ ಕಂಪನಿ’ ಅಂತ ಇದ್ದ ಕಡೆ ‘ನಮ್ಮ ರಾಜ್ಯ’ ಅಂತ ಮಾಡಿರಬೇಕು. ಲೆಟರ್‌ಹೆಡ್ ಸರಿಯಾಗಿ ಕೂರಿಸಿರಬೇಕು. ತಾರೀಖು ಹಾಕಿರಬೇಕು. ತೆರಿಗೆದಾರರ ಸಂಬಳಕ್ಕೆ ನ್ಯಾಯ ಸಲ್ಲಿಸಿದ ಪದಗಳು ಅವು. ಕಾಗದ ಹೋದ ಮೇಲೆ ಡೆವನ್ ಕಡೆಯಿಂದ ‘ಔಟ್‌ಸ್ಟ್ಯಾಂಡಿಂಗ್!’ ಅಂತ ಶಭಾಷ್‌ಗಿರಿಯೂ ಬಂತು. ತಾವೇ ಬರೆದ ಉತ್ತರಪತ್ರಿಕೆಗೆ ತಾವೇ ನೂರಕ್ಕೆ ನೂರು! ಆಮೇಲೆ ಪ್ರೂಯಿಟ್ ಏನಾದರು? 2017ರಲ್ಲಿ ಅದೇ ಇಪಿಎಗೆ ಮುಖ್ಯಸ್ಥರಾದರು. ನಾನು ಕಥೆ ಕಟ್ಟುತ್ತಿಲ್ಲ.

ಅಲ್ಲಿನ ಅಟಾರ್ನಿ ಜನರಲ್, ಅಂದರೆ ಎಜಿ, ನಮ್ಮ ಅಡ್ವೊಕೇಟ್ ಜನರಲ್ ಥರ ಅಲ್ಲ. ನಮ್ಮವರನ್ನು ರಾಜ್ಯಪಾಲರು ನೇಮಿಸುತ್ತಾರೆ, ಸರ್ಕಾರದ ಪರ ಕೋರ್ಟಿನಲ್ಲಿ ನಿಲ್ಲುತ್ತಾರೆ. ಅಲ್ಲಿ 43 ರಾಜ್ಯಗಳಲ್ಲಿ ಎಜಿಯನ್ನು ಜನ ವೋಟು ಹಾಕಿ ಆರಿಸುತ್ತಾರೆ. ವೋಟು ಅಂದಮೇಲೆ ಪ್ರಚಾರ, ಪ್ರಚಾರ ಅಂದಮೇಲೆ ದುಡ್ಡು. ಕಣ್ಣು ಸಾಮಾನ್ಯವಾಗಿ ಗವರ್ನರ್ ಕುರ್ಚಿಯ ಮೇಲೆ. ಹುಡ್ ಕೂಡ 2019ರಲ್ಲಿ ಗವರ್ನರ್ ಆಗಲು ನಿಂತು ಸೋತರು.

ದುಡ್ಡು ಇರುವ ಕಡೆ ಸಮುದ್ರ ಕಾಣುವ ಹೋಟೆಲೂ ಇರುತ್ತದೆ. ಕ್ಯಾಲಿಫೋರ್ನಿಯಾದ ಸ್ಯಾಂಟಾ ಮೋನಿಕಾ ಕಡಲ ತೀರದ ಒಂದು ಐಷಾರಾಮಿ ಹೋಟೆಲಿನಲ್ಲಿ ಡೆಮಾಕ್ರಟಿಕ್ ಎಜಿಗಳ ಕೂಟ ನಡೆದಿತ್ತು. ‘5-ಅವರ್ ಎನರ್ಜಿ’ ಅನ್ನುವ ಪುಟ್ಟ ಬಾಟಲಿಯ ಪೇಯದ ಜಾಹೀರಾತಿನ ಮೇಲೆ ಮೂವತ್ತಕ್ಕೂ ಹೆಚ್ಚು ರಾಜ್ಯಗಳ ತನಿಖೆ ಇತ್ತು. ಕಂಪನಿಯ ವಕೀಲೆ ಕೂಟದಲ್ಲಿ ಓಡಾಡುತ್ತಾ ಮಿಸೌರಿಯ ಎಜಿ ಕ್ರಿಸ್ ಕಾಸ್ಟರ್ ಅವರನ್ನು ಹಿಡಿದರು. ನಿಮ್ಮ ರಾಜ್ಯವೂ ನಮ್ಮ ಕಕ್ಷಿದಾರರ ಹಿಂದೆ ಬಿದ್ದಿದೆಯಲ್ಲಾ ಅಂದರು. ಹೌದಾ, ನನಗೆ ಗೊತ್ತೇ ಇರಲಿಲ್ಲ ಅಂದರು ಸಾಹೇಬರು. ವಾರಾಂತ್ಯ ಮುಗಿಯುವಷ್ಟರಲ್ಲಿ ಊರಿಗೆ ಫೋನು ಹೋಯಿತು. ಮಿಸೌರಿ ತನಿಖೆಯಿಂದ ಹೊರಬಂತು. ಕೋರ್ಟು ಬೇಡ, ವಾಯಿದೆ ಬೇಡ, ಅಮೀನ ಬೇಡ. ಇಷ್ಟು ಬೇಗ ನ್ಯಾಯ ಸಿಗುವ ಜಾಗ ಭೂಮಿಯ ಮೇಲೆ ಇನ್ನೊಂದಿಲ್ಲ. ಈ ವರದಿಗಳಿಗೆ ಲಿಪ್ಟನ್‌ಗೆ 2015ರಲ್ಲಿ ಪತ್ರಿಕೋದ್ಯಮದ ಪುಲಿಟ್ಜರ್ ಪ್ರಶಸ್ತಿ ಬಂತು.

ಈಗ ಗೊಲಿಯಾತ್‌ಗೆ ವಾಪಸ್. 2014ರ ಅಕ್ಟೋಬರಿನಲ್ಲಿ ಹುಡ್ ಗೂಗಲ್‌ಗೆ 79 ಪುಟದ ಸಬ್‌ಪೀನಾ, ಅಂದರೆ ಕಾಗದಪತ್ರ ಒಪ್ಪಿಸಿ ಅನ್ನುವ ಕಾನೂನು ನೋಟಿಸು, ಜಡಿದರು. ಡಿಸೆಂಬರಿನಲ್ಲಿ ಬಣ್ಣ ಬಯಲಾಯಿತು. ಅದೇ ವಾರ ಗೂಗಲ್ ಕೋರ್ಟಿಗೆ ಹೋಯಿತು. ಸಾಹೇಬರು ತಕ್ಷಣ, ಎಲ್ಲರ ತಲೆ ತಣ್ಣಗಾಗಲಿ, ‘ಟೈಮ್ ಔಟ್’ ಅಂದರು. ಕಬಡ್ಡಿಯಲ್ಲಿ ಸಿಕ್ಕಿಬಿದ್ದ ಹುಡುಗ ಚಡ್ಡಿ ಜಾರಿತು ಅಂದ ಹಾಗೆ.

ಆ ಮೊಕದ್ದಮೆಯಿಂದ ಹೊರಬಿದ್ದ ಒಂದು ಇಮೇಲ್ ನನಗೆ ಎಲ್ಲಕ್ಕಿಂತ ಇಷ್ಟ. ಗೂಗಲ್ ಮೇಲೆ ದಾಳಿ ಮಾಡಲು ಒಂದು ಚಿತ್ರಕಥೆ. ಮೊದಲ ದೃಶ್ಯ: ಎನ್‌ಬಿಸಿಯ ‘ಟುಡೇ’ ಕಾರ್ಯಕ್ರಮದಲ್ಲಿ ಬೆಳಗಿನ ಕಾಫಿ ಹೊತ್ತಿಗೆ ಒಂದು ವರದಿ. ಎರಡನೇ ದೃಶ್ಯ: ಗೂಗಲ್‌ನ ದೊಡ್ಡ ಷೇರುದಾರನೊಬ್ಬ ಮುಂದೆ ಬಂದು ಕಂಪನಿ ಬದಲಾಗಬೇಕು ಅನ್ನಬೇಕು. ಮೂರನೇ ದೃಶ್ಯ: ವಾಲ್ ಸ್ಟ್ರೀಟ್ ಜರ್ನಲ್‌ನಲ್ಲಿ, ಎಜಿಗಳು ಹೀಗೇ ಬೆನ್ನುಹತ್ತಿದರೆ ಗೂಗಲ್ ಷೇರು ಬೀಳುತ್ತೆ ಅಂತ ಸಂಪಾದಕೀಯ. ಎನ್‌ಬಿಸಿ ಯಾರದು? ಯೂನಿವರ್ಸಲ್ ಸ್ಟುಡಿಯೋ ಒಡೆಯ ಕಾಮ್‌ಕಾಸ್ಟ್‌ನದು. ಜರ್ನಲ್ ಯಾರದು? ಫಾಕ್ಸ್ ನಡೆಸುತ್ತಿದ್ದ ಮರ್ಡಾಕ್ ಕುಟುಂಬದ್ದು. ನಿರ್ಮಾಣ, ನಿರ್ದೇಶನ, ವಿಮರ್ಶೆ ಎಲ್ಲ ಒಂದೇ ಮನೆಯವರದ್ದು. ನಾಯಕನ ಪಾತ್ರಕ್ಕೆ ಮಾತ್ರ ಜನ ಆರಿಸಿದ ಸರ್ಕಾರಿ ವಕೀಲರು. ಸಂಭಾವನೆ ತೆರಿಗೆ ದುಡ್ಡಿನಲ್ಲಿ. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ.

ಕಾಗದಪತ್ರ ಕೊಡಿ ಅಂತ ಗೂಗಲ್ ಈಗ ಎಂಪಿಎಎ ಮತ್ತು ಅದರ ವಕೀಲರಿಗೇ ಸಬ್‌ಪೀನಾ ಕಳಿಸಿತು. ಅಯ್ಯೋ, ಇದು ತುಂಬಾ ಹೊರೆ, ಕಿರುಕುಳ ಅಂತ ಅವರು ಗೋಳಾಡಿದರು. 79 ಪುಟದ ಹಿಂದಿದ್ದ ಜನ ಇವರೇ.

ಕೊನೆಗೆ ಏನಾಯಿತು? 2015ರ ಮಾರ್ಚಿನಲ್ಲಿ ನ್ಯಾಯಾಧೀಶ ಹೆನ್ರಿ ವಿಂಗೇಟ್ ಸಬ್‌ಪೀನಾಗೆ ತಡೆ ಕೊಟ್ಟರು. 2016ರ ಏಪ್ರಿಲ್‌ನಲ್ಲಿ ಮೇಲ್ಮನವಿ ನ್ಯಾಯಾಲಯ, ಕೋರ್ಟು ಕೈಹಾಕುವ ಹೊತ್ತು ಇನ್ನೂ ಬಂದಿಲ್ಲ ಅಂತ ಆ ತಡೆಯನ್ನು ತೆಗೆದುಹಾಕಿತು. ಆಮೇಲೆ ಹುಡ್ ಸಬ್‌ಪೀನಾ ವಾಪಸ್ ಪಡೆದರು, ಜುಲೈನಲ್ಲಿ ಗೂಗಲ್ ಕೇಸು ವಾಪಸ್ ಪಡೆಯಿತು. ಇನ್ನುಮೇಲೆ ಒಟ್ಟಿಗೆ ಕೆಲಸ ಮಾಡೋಣ ಅಂತ ಕೈಕುಲುಕಿದರು. ಗುಡ್ಡ ಅಗೆದು ಇಲಿ ಹಿಡಿದರು ಅನ್ನೋಣ ಅಂದರೆ ಇಲಿಯೂ ಇಲ್ಲ.

ಇಲ್ಲಿಗೆ ಬಂದರೆ ನನಗೆ ನಗು ನಿಲ್ಲುತ್ತದೆ. ಯಾಕೆಂದರೆ ಮಾತ್ರೆಯ ದೂರು ಸುಳ್ಳಾಗಿರಲಿಲ್ಲ. ಕೆನಡಾದ ಔಷಧ ಅಂಗಡಿಗಳ ಅಕ್ರಮ ಜಾಹೀರಾತು ಹಾಕಿದ್ದಕ್ಕೆ ಗೂಗಲ್ 2011ರಲ್ಲಿ ಅಮೆರಿಕ ಸರ್ಕಾರಕ್ಕೆ 50 ಕೋಟಿ ಡಾಲರ್ ಕಟ್ಟಿತ್ತು. ನೋವಿನ ಮಾತ್ರೆಯ ಚಟಕ್ಕೆ ಬಿದ್ದು ಆ ದೇಶದಲ್ಲಿ ವರ್ಷಕ್ಕೆ ಸಾವಿರಾರು ಜನ ಸಾಯುತ್ತಿದ್ದರು. ಮಿಸಿಸಿಪ್ಪಿ ಅಮೆರಿಕದ ಅತಿ ಬಡ ರಾಜ್ಯಗಳಲ್ಲಿ ಒಂದು. ಅಲ್ಲಿನ ತಾಯಿಯೊಬ್ಬಳು ಎಜಿ ಕಚೇರಿಗೆ ದೂರು ತಂದರೆ ಅವಳ ಪರವಾಗಿ ಕಾಗದ ಬರೆಯಲು ದುಬಾರಿ ವಕೀಲರು ಬರುತ್ತಾರಾ? ಅವಳ ಸಂಕಟವನ್ನು ಮೇಲೆ ಹೊದಿಸಿ, ಒಳಗೆ ಸಿನಿಮಾ ಸಿಡಿಯ ಲೆಕ್ಕ ಇಟ್ಟು ಕಳಿಸಿದರು. ಗೂಗಲ್‌ಗೆ ಇದಕ್ಕಿಂತ ದೊಡ್ಡ ಉಪಕಾರ ಯಾರೂ ಮಾಡಲಾರರು. ಉತ್ತರ ಕೊಡಬೇಕಾಗಿದ್ದ ಕಂಪನಿ ಒಂದೇ ವಾರದಲ್ಲಿ ವಾಕ್‌ಸ್ವಾತಂತ್ರ್ಯದ ಹುತಾತ್ಮನಾಯಿತು. ಸಾಕಪ್ಪಾ ಸಾಕು.

ಟೆಕ್ ಕಂಪನಿಗಳು ಇದರಿಂದ ಪಾಠ ಕಲಿಯಲಿಲ್ಲ ಅಂತ ಮಾತ್ರ ಹೇಳಬೇಡಿ. ಚೆನ್ನಾಗಿಯೇ ಕಲಿತವು. ಟಿಕ್‌ಟಾಕ್ ಮೇಲೆ ಜನರಲ್ಲಿ ಭಯ ಹುಟ್ಟಿಸಲು ಫೇಸ್‌ಬುಕ್‌ನ ಒಡೆಯ ಕಂಪನಿ ಮೆಟಾ ‘ಟಾರ್ಗೆಟೆಡ್ ವಿಕ್ಟರಿ’ ಅನ್ನುವ ಸಂಸ್ಥೆಗೆ ದುಡ್ಡು ಕೊಟ್ಟಿತ್ತು ಅಂತ 2022ರ ಮಾರ್ಚಿನಲ್ಲಿ ವಾಷಿಂಗ್ಟನ್ ಪೋಸ್ಟ್ ಬರೆಯಿತು. ಊರೂರಿನ ಪತ್ರಿಕೆಗಳಿಗೆ ಚಿಂತಿತ ಪೋಷಕರ ಹೆಸರಲ್ಲಿ ಓದುಗರ ಪತ್ರ. ಟಿಕ್‌ಟಾಕ್ ಮಕ್ಕಳಿಗೆ ಟೀಚರ್ ಕೆನ್ನೆಗೆ ಬಾರಿಸಲು ಹೇಳಿಕೊಡುತ್ತದೆ ಅನ್ನುವ ಸುದ್ದಿಗೆ ಗಾಳಿ. ಅಂಥ ಸವಾಲು ಟಿಕ್‌ಟಾಕ್‌ನಲ್ಲಿ ಇರಲೇ ಇಲ್ಲ. ಆ ಗಾಳಿಸುದ್ದಿ ಮೊದಲು ಹಬ್ಬಿದ್ದು ಫೇಸ್‌ಬುಕ್‌ನಲ್ಲಿ. ಅದೇ ತಿಂಗಳು ಎಜಿಗಳ ಗುಂಪೊಂದು ಟಿಕ್‌ಟಾಕ್ ಮೇಲೆ ತನಿಖೆಯನ್ನೂ ಘೋಷಿಸಿತ್ತು. ಒಂದರಿಂದ ಇನ್ನೊಂದು ಹುಟ್ಟಿತು ಅಂತ ನಾನು ಹೇಳುತ್ತಿಲ್ಲ. ಮರುವರ್ಷ 33 ರಾಜ್ಯಗಳು ಸೇರಿ ಮಕ್ಕಳ ವಿಷಯಕ್ಕೇ ಮೆಟಾ ಮೇಲೂ ಕೇಸು ಹಾಕಿದವು.

ಈಗ ಎಐ ಕಂಪನಿಗಳ ಕಾಲ. ಬಂಡವಾಳ ಸಂಸ್ಥೆ ಅಂಡ್ರೀಸನ್ ಹೊರೊವಿಟ್ಸ್, ಓಪನ್‌ಎಐನ ಗ್ರೆಗ್ ಬ್ರಾಕ್‌ಮನ್ ಮುಂತಾದವರು ಸೇರಿ ಎಐಗೆ ಬಿಗಿ ಕಾನೂನು ಬರದಂತೆ ನೋಡಿಕೊಳ್ಳಲು ಚುನಾವಣಾ ನಿಧಿ ಕಟ್ಟಿದ್ದಾರೆ. ಹೆಸರು ‘ಲೀಡಿಂಗ್ ದಿ ಫ್ಯೂಚರ್’. ಶುರುವಿನಲ್ಲೇ 10 ಕೋಟಿ ಡಾಲರಿಗೂ ಜಾಸ್ತಿ. ಹಾಲಿವುಡ್ಡಿನ ವರ್ಷಕ್ಕೆ 5 ಲಕ್ಷ ಇವರಿಗೆ ಟೀ ಬಿಸ್ಕತ್ತಿನ ಖರ್ಚು. ವಕೀಲರನ್ನು ಹಿಡಿದು ಕರಡು ಬರೆಸಿ, ಫೈಲು ಕಳಿಸಿ, ಸಿಕ್ಕಿಬಿದ್ದು, ಆ ಗೋಳೆಲ್ಲ ಯಾಕೆ? ಸಹಿ ಹಾಕುವವರನ್ನೇ ಆರಿಸಿಕೊಂಡರಾಯಿತು.