‘ಪ್ರಿಫರ್’ ಪಕ್ಕ ‘ದ್ಯಾನ್’ ಯಾಕೆ ಬರುತ್ತದೆ?

‘ಐ ಪ್ರಿಫರ್ ಟೀ ದ್ಯಾನ್ ಕಾಫಿ’ ಅಂತ ಕನ್ನಡದ ಮಕ್ಕಳು ಬರೆದರೆ ಕೆಂಪು ಗೆರೆ ಎಳೆದು ಮುಂದೆ ಹೋಗುವ ಪಾಠದ ಬಗ್ಗೆ ನನಗೆ ತಕರಾರಿದೆ. ಆ ‘ದ್ಯಾನ್’ ಎಲ್ಲಿಂದ ಬಂತು? ‘ಕಾಫಿಗಿಂತ ಟೀ ಇಷ್ಟ’ ಅನ್ನುವ ನಮ್ಮ ಮಾತಿನಿಂದ. ‘ಗಿಂತ’ ಇರುವ ಕಡೆ ಮಗು ‘ದ್ಯಾನ್’ ಇಟ್ಟಿದೆ. ‘ಐ ಲೈಕ್ ಟೀ ಮೋರ್ ದ್ಯಾನ್ ಕಾಫಿ’ ಅಂದಿದ್ದರೆ ಅದೇ ‘ದ್ಯಾನ್’ ಸರಿಯಾಗಿರುತ್ತಿತ್ತು. ‘ಪ್ರಿಫರ್’ ಲ್ಯಾಟಿನ್ ಮೂಲದ್ದು. ಸೀನಿಯರ್, ಜೂನಿಯರ್, ಸುಪೀರಿಯರ್ ಥರ ಅದರ ಜೊತೆಗೂ ‘ಟು’ ಬರಬೇಕು. ಇಷ್ಟು ಹೇಳಿದರೆ ಮಕ್ಕಳಿಗೆ ಅರ್ಥವಾಗುತ್ತದೆ.

ನಿಜವಾದ ಕಷ್ಟ ‘ವುಡ್ ರಾದರ್’ನಲ್ಲಿ. ಬಿಟ್ಟ ಸ್ಥಳ ತುಂಬಿಸಿ ಇದನ್ನು ಸುಮ್ನೆ ಓಡಿಸಿಬಿಡುತ್ತಾರೆ. ಮಾತಿನಲ್ಲಿ ಜಾಸ್ತಿ ಬೇಕಾಗುವುದೇ ಇದು. ಯಾವಾಗಲೂ ಇರುವ ಇಷ್ಟಕ್ಕೆ ‘ಐ ಪ್ರಿಫರ್ ವಾಕಿಂಗ್ ಟು ಡ್ರೈವಿಂಗ್’. ಇವತ್ತು ಬಸ್ ಬೇಡ, ನಡೆದೇ ಹೋಗುತ್ತೇನೆ ಅಂತಿದ್ದರೆ ‘ಐಡ್ (ಅಂದರೆ ಐ ವುಡ್) ರಾದರ್ ವಾಕ್ ದ್ಯಾನ್ ಟೇಕ್ ದ ಬಸ್’. ‘ವಾಕ್’ ಹಿಂದೆ ‘ಟು’ ಬರಬಾರದು. ಅಲ್ಲಿ ತಪ್ಪಾಗಿದ್ದ ‘ದ್ಯಾನ್’ ಇಲ್ಲಿ ಸರಿ. ಕಾರಣ ಹೇಳದಿದ್ದರೆ ಮಕ್ಕಳಿಗೆ ಗೊಂದಲ ಆಗದೇ ಇರುತ್ತದಾ?

ಇನ್ನೊಬ್ಬರು ಏನು ಮಾಡಿದರೆ ನಮಗೆ ಅನುಕೂಲ ಅಂತ ಹೇಳುವಾಗ ಇನ್ನೂ ಕಷ್ಟ. ‘ಐಡ್ ರಾದರ್ ಯು ಕೇಮ್ ಟುಮಾರೊ.’ ಬರುವುದು ನಾಳೆ, ಕ್ರಿಯಾಪದ ಮಾತ್ರ ಭೂತಕಾಲದ್ದು! ನಿಯಮ ಬಾಯಿಪಾಠ ಮಾಡಿಸುವ ಮೊದಲು ಮಕ್ಕಳಿಗೆ ಅವರದೇ ಮಾತು ನೆನಪಿಸಿ. ಅಂಗಡಿಗೆ ಹೋಗಿ ‘ಅಣ್ಣಾ, ಒಂದು ಕೆಜಿ ಸಕ್ಕರೆ ಬೇಕಿತ್ತು’ ಅನ್ನುತ್ತೇವೆ ಅಲ್ವಾ? ಸಕ್ಕರೆ ಬೇಕಾಗಿರುವುದು ಈಗಲೇ. ‘ಸರ್, ನಿಮ್ಮ ಹತ್ತಿರ ಒಂದು ವಿಷಯ ಮಾತಾಡಬೇಕಿತ್ತು’ ಅನ್ನುವುದೂ ಹಾಗೇ. ಹಾಗೆಂದರೆ ಮಾತು ಮೆತ್ತಗಾಗುತ್ತದೆ, ಎದುರಿನವರ ಮೇಲೆ ಒತ್ತಾಯ ಬೀಳುವುದಿಲ್ಲ. ಎರಡೂ ಭಾಷೆಯ ನಿಯಮ ಪೂರ್ತಿ ಒಂದೇ ಅಲ್ಲ, ಒಪ್ಪುತ್ತೇನೆ. ಇಂಗ್ಲಿಷಿನ ‘ಕೇಮ್’ ಇನ್ನೂ ನಡೆಯದ, ಬರೀ ಮನಸ್ಸಿನಲ್ಲಿರುವ ಬಯಕೆಯನ್ನು ತೋರಿಸುತ್ತದೆ. ಆದರೆ ಭೂತಕಾಲದ ರೂಪ ಬಂದ ಕಡೆಯೆಲ್ಲ ಕೆಲಸ ನಿನ್ನೆಯೇ ಆಗಿರಬೇಕಿಲ್ಲ ಅನ್ನುವುದನ್ನು ನಮ್ಮ ಮಕ್ಕಳು ಶಾಲೆಗೆ ಬರುವ ಮೊದಲೇ ಕಲಿತಿರುತ್ತಾರೆ.

ಇಂಗ್ಲಿಷ್ ಪೀರಿಯಡ್‌ನಲ್ಲಿ ಕನ್ನಡದ ಒಂದು ಪದವೂ ಬರಬಾರದು ಅನ್ನುವವರಿಗೆ ನನ್ನ ಪ್ರಶ್ನೆ ಇಷ್ಟೇ: ಆ ‘ಬೇಕಿತ್ತು’ ಬಿಟ್ಟು ಈ ‘ಕೇಮ್’ ಅನ್ನು ಹತ್ತನೇ ಕ್ಲಾಸಿನ ಮಗುವಿಗೆ ಹೇಗೆ ಅರ್ಥ ಮಾಡಿಸುತ್ತೀರಿ?