ಈಗಲೇ ಕೊಳಿ

ಕೋಡಿಂಗ್ ಬೇಡ, ಡಿಸೈನರ್ ಬೇಡ, 10 ನಿಮಿಷದಲ್ಲಿ ನಿಮ್ಮ ಆನ್‌ಲೈನ್ ಅಂಗಡಿ ರೆಡಿ ಅಂತ ಜಾಹೀರಾತಲ್ಲಿ ಇತ್ತು. 10 ನಿಮಿಷ ತಾನೇ, ಫೋನ್ ಚಾರ್ಜ್ ಆಗೋಷ್ಟರಲ್ಲಿ ಮುಗಿಸಿಬಿಡೋಣ ಅಂತ ಕೂತೆ. ಇವತ್ತಿಗೆ 19ನೇ ದಿನ. ಫೋನು ಎಷ್ಟು ಸಲ ಚಾರ್ಜ್ ಆಯ್ತೋ ಲೆಕ್ಕ ಇಲ್ಲ.

ಸರಕು ಅಕ್ಕಂದು. ಅವಳು ಬಟ್ಟೆ ಚೀಲ ಹೊಲೀತಾಳೆ, ಎಷ್ಟು ಗಟ್ಟಿ ಅಂದ್ರೆ ನಮ್ಮನೇಲಿ ಇರೋ ಮೊದಲನೇ ಚೀಲದ ಹಿಡಿ ಇನ್ನೂ ಹಾಗೇ ಇದೆ, ಹಾಕಿದ್ದ ಸಾಮಾನೆಲ್ಲ ಹಳೇದಾಗಿ ಹೋಯ್ತು. ಅವಳ ಕೆಲಸ ಹೊಲಿಯೋದು, ನಂದು ಅಂಗಡಿ ಕಟ್ಟೋದು ಅಂತ ಮಾತಾಯ್ತು. ಅವಳು ಆಗಲೇ 40 ಚೀಲ ಮುಗಿಸಿ ಕೂತಿದಾಳೆ.

ಮೊದಲು ಟೆಂಪ್ಲೇಟ್, ಅಂದ್ರೆ ರೆಡಿಮೇಡ್ ಪೇಜ್ ವಿನ್ಯಾಸ, ಆರಿಸಬೇಕು. ಅಲ್ಲೇ ಎರಡು ದಿನ ಹೋಯ್ತು. ಎಲ್ಲಾ ಟೆಂಪ್ಲೇಟಲ್ಲೂ ಬಿಳಿ ಗೋಡೆ, ಕಿಟಕಿಯಿಂದ ಓರೆ ಬಿಸಿಲು, ಮೂಲೇಲಿ ಕುಂಡದಲ್ಲಿ ಒಂದು ಗಿಡ, ಕ್ಯಾಮೆರಾ ಬಿಟ್ಟು ಬೇರೆ ಎಲ್ಲೋ ನೋಡ್ಕೊಂಡು ನಗ್ತಿರೋ ಒಬ್ಬ ಹೆಂಗಸು. ಆಹಾ ಅನ್ನಿಸಿ ಒಂದನ್ನ ಓಕೆ ಮಾಡಿ, ಆ ಜಾಗಕ್ಕೆ ಅಕ್ಕನ ಚೀಲದ ಫೋಟೋ ಹಾಕಿದೆ. ಮಂಚದ ಮೇಲಿಟ್ಟು ಟ್ಯೂಬ್‌ಲೈಟ್ ಬೆಳಕಲ್ಲಿ ತೆಗೆದದ್ದು, ಕೆಳಗಡೆ ಮೂಲೇಲಿ ನನ್ನ ಕಾಲ್ಬೆರಳೂ ಬಂದಿದೆ. ಟೆಂಪ್ಲೇಟು ಅಲ್ಲೇ ಪ್ರಾಣ ಬಿಡ್ತು. ಎರಡು ದಿನ ನಾನು ಮೆಚ್ಚಿಕೊಂಡು ಕೂತಿದ್ದು ಆ ಓರೆ ಬಿಸಿಲನ್ನ ಅಂತ ಆಗ ಗೊತ್ತಾಯ್ತು. ಬಿಸಿಲು ಪ್ಯಾಕೇಜಲ್ಲಿ ಬರಲ್ಲ.

ಆದ್ರೆ ಎಷ್ಟೋ ಅಂಗಡಿಯೋರು ಈ ತಾಪತ್ರಯಾನೇ ಇಟ್ಕೊಳಲ್ಲ, ಟೆಂಪ್ಲೇಟಿನ ಫೋಟೋನೇ ಹಾಗೇ ಬಿಟ್ಟಿರ್ತಾರೆ. ನಮ್ಮ ಆ ನಗೋ ಹೆಂಗಸನ್ನ ಆಮೇಲೆ ನಾನು ಆರು ಅಂಗಡೀಲಿ ನೋಡಿದೆ. ಒಂದ್ಕಡೆ ಅವಳು ಸಂಸ್ಥಾಪಕಿ, ಒಂದ್ಕಡೆ ಸೋಪು ಹಚ್ಚಿ ಮೊಡವೆ ಕಳ್ಕೊಂಡ ಗ್ರಾಹಕಿ, ಮತ್ತೊಂದ್ಕಡೆ ಹೆಡ್‌ಫೋನ್ ಇಲ್ಲದ ಕಸ್ಟಮರ್ ಕೇರ್. ಇಷ್ಟು ದುಡಿಯೋ ಹೆಂಗಸನ್ನ ನಾನು ಎಲ್ಲೂ ನೋಡಿಲ್ಲ. ಅಷ್ಟು ಸಾಲದು ಅಂತ ಟೆಂಪ್ಲೇಟಲ್ಲಿ ಮೂರು ಜನ ತೃಪ್ತ ಗ್ರಾಹಕರೂ ಬರ್ತಾರೆ, ಐದೈದು ಸ್ಟಾರ್ ಸಮೇತ, 'ನನ್ನ ಬದುಕೇ ಬದಲಾಯಿತು' ಅಂತ ಒಬ್ಬರು ಬರೆದೂ ಆಗಿದೆ.

ಅಕ್ಕ ಹಿಂದಿಂದ ಬಗ್ಗಿ ನೋಡಿದ್ಲು. "ಯಾರೋ ಇವರು? ನಾನಿನ್ನೂ ಒಂದು ಚೀಲಾನೂ ಮಾರಿಲ್ವಲ್ಲೋ."

"ಟೆಂಪ್ಲೇಟ್ ಜೊತೆ ಬಂದಿದಾರೆ ಅಕ್ಕ."

"ದುಡ್ಡು ಕೊಡ್ಬೇಕಾ ಇವರಿಗೆ?"

"ಇಲ್ಲ, ಫ್ರೀ."

"ಫ್ರೀಯಾಗಿ ಬಂದ ಗಿರಾಕಿ ಚೀಲಾನೂ ಫ್ರೀಯಾಗೇ ಕೇಳ್ತಾನೆ, ಹುಷಾರು."

ಇನ್ನು ಎಳೆದು ಬಿಡೋ ಕೆಲಸ. ಡ್ರ್ಯಾಗ್ ಅಂಡ್ ಡ್ರಾಪ್. ಬಟನ್ ಹಿಡಿದು ಎಳೀತಿದ್ದ ಹಾಗೆ ಗುಲಾಬಿ ಬಣ್ಣದ ಗೆರೆಗಳು ಪಟಪಟ ಅಂತ ಎದ್ದು ಬರ್ತವೆ, ಇಲ್ಲಿಂದ 12 ಪಿಕ್ಸೆಲ್, ಅಲ್ಲಿಂದ 13 ಪಿಕ್ಸೆಲ್ ಅಂತ. ಆ ಒಂದು ಪಿಕ್ಸೆಲ್ ಸರಿ ಮಾಡೋಕೆ ಹೋದ್ರೆ ಮೇಲಿನ ಹೆಡ್ಡಿಂಗು ಜರುಗುತ್ತೆ, ಹೆಡ್ಡಿಂಗ್ ಸರಿ ಮಾಡಿದ್ರೆ ಫೋಟೋ ಕೆಳಗೆ ಜಾರುತ್ತೆ, ಅಂತೂ ಇಂತೂ ಎಲ್ಲಾ ಕೂರಿಸಿ ಉಸ್ಸಪ್ಪಾ ಅಂತ ಮೊಬೈಲ್ ವ್ಯೂ ಒತ್ತಿದ್ರೆ ಬಟನ್ನು ಚೀಲದ ಬಾಯೊಳಗೆ ಹೋಗಿ ಕೂತಿತ್ತು. ಮೊಬೈಲಲ್ಲಿ ಸರಿ ಮಾಡ್ದೆ, ಡೆಸ್ಕ್‌ಟಾಪಲ್ಲಿ ಹಾಳಾಯ್ತು. ನೋಡಿದ್ದೇ ಸಿಗುತ್ತೆ ಅನ್ನೋದು ಈ ಎಡಿಟರ್‌ಗಳ ಹಳೇ ಘೋಷಣೆ, ವಿಸಿವಿಗ್ ಅಂತ ಅದಕ್ಕೊಂದು ಹೆಸರೂ ಇದೆ. ಯಾರು ನೋಡಿದ್ದು ಯಾರಿಗೆ ಸಿಗುತ್ತೆ ಅಂತ ಮಾತ್ರ ಹೇಳಿಲ್ಲ.

ಈಗ ಕನ್ನಡದ ವಿಷಯಕ್ಕೆ ಬರ್ತೀನಿ, ನನಗೆ ಹೊಟ್ಟೆ ಉರಿದಿದ್ದು ಇಲ್ಲೇ. ಈ ಟೆಂಪ್ಲೇಟ್ ಬರೆದವರ ಪ್ರಕಾರ ಅಕ್ಷರಕ್ಕೆ ಕಾಲು ಇರಲ್ಲ. ಬಟನ್ನಿನ ಎತ್ತರ ಇಂಗ್ಲಿಷಿಗೆ ಅಳತೆ ಮಾಡಿ ಹೊಲಿದಿರೋದು, ನಮ್ಮ ಒತ್ತಕ್ಷರ ಕೆಳಗೆ ಇಳೀತಿದ್ದ ಹಾಗೆ ಕಚಕ್ ಅಂತ ಕಟ್. 'ಈಗಲೇ ಕೊಳ್ಳಿ' ಅಂತ ಟೈಪ್ ಮಾಡಿ ಸೇವ್ ಮಾಡಿದೆ, ಪೇಜಲ್ಲಿ ಬಂದಿದ್ದು 'ಈಗಲೇ ಕೊಳಿ'.

ಅಕ್ಕ ಓದಿದ್ಲು. "ಕೋಳಿ ಯಾಕೋ? ಚೀಲದ ಕೆಳಗೆ ಕೋಳಿ ಅಂತ ಯಾಕ್ ಹಾಕಿದೀಯ?"

ಸಪೋರ್ಟಿಗೆ ಸ್ಕ್ರೀನ್‌ಶಾಟ್ ಕಳಿಸಿದೆ. ಚಾಟ್‌ಬಾಟು ತುಂಬಾ ಮರ್ಯಾದಸ್ಥ, ನಿಮ್ಮ ತೊಂದರೆ ನಮಗೆ ಅರ್ಥವಾಗಿದೆ, ದಯವಿಟ್ಟು ಚಿಕ್ಕ ಪದ ಬಳಸಿ ನೋಡಿ ಅಂತು. ಕೊಳ್ಳಿಗಿಂತ ಚಿಕ್ಕದು ಏನ್ ಬರೀಲಿ, ಎರಡೇ ಅಕ್ಷರ ಇರೋದು! ಕಡೆಗೆ ಫಾಂಟ್ ಸಣ್ಣದು ಮಾಡಿ ಒತ್ತು ಉಳಿಸಿದೆ, ಆಮೇಲೆ ನೋಡಿದ್ರೆ ಓದೋಕೆ ಭೂತಗನ್ನಡಿ ಬೇಕು. ಹಾಗೇ ದೊಡ್ಡದಾಗಿ ಉರಿಸಿ, ನಿಮ್ಮ ಟೆಂಪ್ಲೇಟಿಗೇ ಕೊಳ್ಳಿ ಇಟ್ಟುಬಿಡೋಣ ಅನ್ನಿಸಿತ್ತು.

ಸರಿ, ಇಂಗ್ಲಿಷಲ್ಲದ ಇನ್ನೊಂದು ಭಾಷೆಗೆ ಮಾತ್ರ ಎಲ್ಲಾ ಟೆಂಪ್ಲೇಟಲ್ಲೂ ಧಾರಾಳವಾಗಿ ಜಾಗ ಇದೆ, ಲ್ಯಾಟಿನ್‌ಗೆ. ನಿಜವಾದ ಬರಹ ಬರೋವರೆಗೆ ಜಾಗ ತುಂಬೋಕೆ ಹಾಕಿರೋ, ಲೊರೆಮ್ ಇಪ್ಸಮ್ ಅಂತ ಶುರುವಾಗೋ ಆ ಪ್ಯಾರಾ ನೀವೂ ನೋಡಿರ್ತೀರ. ಕ್ರಿ.ಪೂ. 45ರಲ್ಲಿ ರೋಮನ್ ಚಿಂತಕ ಸಿಸೆರೊ ಬರೆದ ತತ್ತ್ವಶಾಸ್ತ್ರದ ಮಾತನ್ನ ಕತ್ತರಿಸಿ ಕಲಸಿ ಮಾಡಿದ್ದು ಅದು. ಮೂಲದಲ್ಲಿ 'ದೊಲೊರೆಮ್' ಅಂತಿದೆ, ನೋವು ಅಂತ ಅರ್ಥ, ಅದರ ತಲೆ ಹಾರಿಸಿದಾಗ ಉಳಿದಿದ್ದೇ ಲೊರೆಮ್. ಅಂದ್ರೆ ಅವರದಕ್ಕೆ ತಲೆ ಇಲ್ಲ, ನಮ್ಮದಕ್ಕೆ ಕಾಲಿಲ್ಲ. ಎಷ್ಟೋ ಅಂಗಡಿಗಳಲ್ಲಿ 'ನಮ್ಮ ಬಗ್ಗೆ' ಅನ್ನೋ ಪೇಜಲ್ಲಿ ಇವತ್ತಿಗೂ ಇದೇ ಅರ್ಧ ನೋವು ಕೂತಿದೆ. ರಿಟರ್ನ್ ಪಾಲಿಸೀಲಿ 'ನಿಮ್ಮ ಕಂಪನಿಯ ಹೆಸರು ಇಲ್ಲಿ' ಅನ್ನೋ ಕಂಪನಿ ಎಲ್ಲಾ ಜವಾಬ್ದಾರಿ ಹೊತ್ಕೊಂಡಿರುತ್ತೆ.

ಬರೆಯೋಕೆ ಬೇಜಾರಾದ್ರೆ ಎಐ ಇದೆ, ಒಂದು ಬಟನ್ ಒತ್ತಿದ್ರೆ ಸಾಕು. ಒತ್ತಿದೆ. 'ಪರಂಪರೆಯ ಎಳೆಗಳಲ್ಲಿ ನೇಯ್ದ ಕನಸುಗಳ ಪಯಣ' ಅಂತ ಬಂತು. ಅಕ್ಕ ಅದನ್ನ ಎರಡು ಸಲ ಓದಿ "ಚೀಲ ಅಂತ ಎಲ್ಲಿದೆ?" ಅಂದ್ಲು. ನಿಜವಾಗ್ಲೂ ಎಲ್ಲೂ ಇರ್ಲಿಲ್ಲ.

ಫ್ರೀ ಪ್ಲಾನಲ್ಲಿ ಅಂಗಡಿ ತೆಗೀಬಹುದು, ಬಾಗಿಲಿಗೆ ಅವರ ಬೋರ್ಡ್ ಇರುತ್ತೆ, ನಮ್ಮ ಹೆಸರಿನ ವೆಬ್ ವಿಳಾಸ, ಅಂದ್ರೆ ಡೊಮೈನ್, ಹಾಕೋ ಹಾಗಿಲ್ಲ, ದುಡ್ಡು ತಗೊಳ್ಳೋ ಹಾಗಿಲ್ಲ. ದುಡ್ಡು ತಗೊಳ್ಳೋ ಹಾಗಿಲ್ಲದ ಅಂಗಡಿಗೆ ಅಂಗಡಿ ಅನ್ನೋ ಹೆಸರು ಯಾಕೆ ಅಂತ ಕೇಳಬೇಡಿ, ನಾನು ಕೇಳಿದ್ದಕ್ಕೆ ಅಪ್‌ಗ್ರೇಡ್ ಪೇಜ್ ತೆರ್ಕೊಂಡಿತು. ಅಪ್‌ಗ್ರೇಡ್ ಮಾಡಿದೆ. ಡೊಮೈನ್ ಜೋಡಿಸಿದೆ. ಡಿಎನ್‌ಎಸ್, ಅಂದ್ರೆ ಆ ಹೊಸ ವಿಳಾಸದ ಸುದ್ದಿ, ಇಂಟರ್ನೆಟ್ಟೆಲ್ಲಾ ಹರಡೋಕೆ 48 ಗಂಟೆವರೆಗೂ ಹಿಡೀಬಹುದು ಅಂದ್ರು. ಹತ್ತು ನಿಮಿಷದ ಲೆಕ್ಕದಲ್ಲಿ ಇದು ಎಲ್ಲಿತ್ತೋ ದೇವರೇ ಬಲ್ಲ. ಬಾಗಿಲಿಗೆ ಸೆಕ್ಯೂರಿಟಿ ಸರ್ಟಿಫಿಕೇಟಿನ ಬೀಗ ಬೀಳೋವರೆಗೂ ಬ್ರೌಸರ್ ನಮ್ಮ ಅಂಗಡೀನ 'ನಾಟ್ ಸೆಕ್ಯೂರ್' ಅಂತ ಕಂಡೋರಿಗೆಲ್ಲ ಚಾಡಿ ಹೇಳ್ತಿತ್ತು.

ಆನ್‌ಲೈನ್ ಅಂಗಡಿ ಕಟ್ಟಿಕೊಡೋ ಶಾಪಿಫೈ ಕಂಪನಿ ಕಥೆ ಗೊತ್ತಲ್ವಾ? 2004ರಲ್ಲಿ ಟೋಬಿ ಲುಟ್ಕೆ ಮತ್ತು ಅವರ ಜೊತೆಗಾರರು ಹಿಮದ ಮೇಲೆ ಜಾರೋ ಸ್ನೋಬೋರ್ಡ್ ಮಾರೋಕೆ ಅಂತ ಆನ್‌ಲೈನ್ ಅಂಗಡಿ ತೆಗೆದ್ರು. ಅಂಗಡಿ ಕಟ್ಟೋಕೆ ಸರಿಯಾದ ಸಾಫ್ಟ್‌ವೇರ್ ಸಿಗ್ಲಿಲ್ಲ ಅಂತ ತಾವೇ ಬರ್ಕೊಂಡ್ರು, 2006ಕ್ಕೆ ಆ ಸಾಫ್ಟ್‌ವೇರನ್ನೇ ಮಾರೋಕೆ ಕೂತ್ರು. ಬುದ್ಧಿವಂತರು. ಅಂಗಡಿ ಇಡೋದಕ್ಕಿಂತ ಇಡೋ ಆಸೆ ಇರೋರಿಗೆ ಅಂಗಡಿ ಇಡಿಸೋದು ಮೇಲು ಅಂತ ಎರಡೇ ವರ್ಷದಲ್ಲಿ ಕಂಡ್ಕೊಂಡ್ರು. ನಾನು 19 ದಿನದಲ್ಲಿ ಕಂಡ್ಕೊಂಡಿದ್ದೀನಿ, ಆದ್ರೆ ಕೋಡಿಂಗ್ ಬರಲ್ಲ.

ಅಂಗಡಿ ತೆರೆದಾಯ್ತು, ಯಾರೂ ಬರ್ಲಿಲ್ಲ. ಕಾರ್ಟಿಗೆ ಸಾಮಾನು ಹಾಕಿ ನೂರಕ್ಕೆ ಸುಮಾರು 70 ಸಲ ಜನ ಕೊಳ್ಳದೇ ಎದ್ದು ಹೋಗ್ತಾರೆ ಅಂತ, ಆನ್‌ಲೈನ್ ಅಂಗಡಿಗಳ ಬಗ್ಗೆ ಸಂಶೋಧನೆ ಮಾಡೋ ಬೇಮಾರ್ಡ್ ಸಂಸ್ಥೆಯೋರ ಲೆಕ್ಕ ಇದೆ, ಅದನ್ನ ತಡೆಯೋಕೆ ಒಂದು ಆಪ್ ಇದೆ, ಆ ಆಪಿಗೆ ತಿಂಗಳ ಬಾಡಿಗೆ ಇದೆ. ಹಾಕ್ಕೊಂಡೆ. ಎದ್ದು ಹೋಗೋಕೆ ಮೊದಲು ಯಾರಾದ್ರೂ ಬಂದು ಕೂರಬೇಕು ಅನ್ನೋದು ಆಮೇಲೆ ಹೊಳೀತು. ಹಾಗಾಗಿ ಇನ್ನೆರಡು ಆಪ್ ಹಾಕಿದೆ. ಒಂದು, ಆಫರ್ ಮುಗಿಯೋಕೆ ಇನ್ನು 14 ನಿಮಿಷ ಅಂತ ಕೌಂಟ್‌ಡೌನ್ ಓಡಿಸುತ್ತೆ, ಪೇಜ್ ರಿಫ್ರೆಶ್ ಮಾಡಿದ್ರೆ ಮತ್ತೆ 14 ನಿಮಿಷ, ಈ ಆಯುಷ್ಯ ಮನುಷ್ಯರಿಗಿಲ್ಲ. ಇನ್ನೊಂದು, ಮೂಲೇಲಿ ಟಿಣ್ ಅಂತ ಪಾಪ್‌ಅಪ್ ಎಬ್ಬಿಸಿ 'ಈಗಷ್ಟೇ ಒಬ್ಬರು ಇದನ್ನು ಖರೀದಿಸಿದರು' ಅನ್ನುತ್ತೆ. ಯಾರು ಖರೀದಿಸಿದ್ದು ಅಂತ ಸೆಟ್ಟಿಂಗಲ್ಲಿ ನಾವೇ ತುಂಬಬೇಕು. ನಾಲ್ಕು ಹೆಸರು ತುಂಬಿದೆ.

ನಿನ್ನೆ ರಾತ್ರಿ ಮಲಗೋ ಮುಂಚೆ ಅಕ್ಕನ ಫೋನಲ್ಲಿ ಅಂಗಡಿ ಹೇಗೆ ಕಾಣುತ್ತೆ ನೋಡೋಣ ಅಂತ ತೆಗೆದು ಅವಳ ಕೈಗೆ ಕೊಟ್ಟು ಹಲ್ಲುಜ್ಜೋಕೆ ಹೋದೆ. ಬಾಯಿ ತುಂಬ ಪೇಸ್ಟ್ ಇರೋವಾಗ "ಲೋ, ಹೋಯ್ತು ಕಣೋ ಒಂದು!" ಅಂತ ಕೂಗು. ಓಡಿ ಬಂದೆ. ಅವಳು ಆಗಲೇ ಕಪಾಟಿಂದ ನೀಲಿ ಚೀಲ ಇಳಿಸಿ, ಇಸ್ತ್ರಿ ಪೆಟ್ಟಿಗೆ ಬಿಸಿಗಿಟ್ಟು, ಸುತ್ತೋಕೆ ಪೇಪರ್ ಹುಡುಕ್ತಿದ್ಲು. ನಾನು ಡ್ಯಾಶ್‌ಬೋರ್ಡ್ ತೆಗೆದೆ. ಆರ್ಡರ್: 0. ಬಾಯಲ್ಲಿ ಪೇಸ್ಟ್ ಇತ್ತಲ್ಲ, ಏನೂ ಹೇಳೋಕೆ ಆಗ್ಲಿಲ್ಲ.

ಟಿಣ್ ಅಂತು ಮತ್ತೆ.

"ಇನ್ನೊಂದು!" ಅಂದ್ಲು ಅಕ್ಕ. "ಹೋಗಿ ಬಾಯಿ ತೊಳ್ಕೊಂಡ್ ಬಾರೋ ಬೇಗ, 14 ನಿಮಿಷ ಅಷ್ಟೇ ಇರೋದು."